ಆಯಿಲ್ ಕುಡಿಯುವ ಪಿಕಪ್: ಎಂಜಿನ್ ಇಳಿಸಬೇಕೇ?

ಶ್ರೀನಿವಾಸಪುರ ತಾಲ್ಲೂಕಿನ ರೈತರೊಬ್ಬರ ಪ್ರಶ್ನೆ:

"ನನ್ನದು 2017ರ ಬೊಲೆರೊ ಪಿಕಪ್, ಬಿಎಸ್-4. ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಕೊಂಡೆ. ಈಗ 2,86,000 ಕಿ.ಮೀ. ಓಡಿದೆ. ಟೊಮೆಟೊ ತುಂಬಿ ಕೋಲಾರದ ಎಪಿಎಂಸಿಗೆ ಹೋಗುತ್ತೇನೆ, ಮಾವಿನ ಸುಗ್ಗಿಯಲ್ಲಿ ಚೆನ್ನೈಗೂ ಬಾಡಿಗೆ ಇರುತ್ತದೆ. ಆರು ತಿಂಗಳಿಂದ ಗಾಡಿ ಆಯಿಲ್ ಕುಡಿಯುತ್ತಿದೆ. 700 ಕಿ.ಮೀ.ಗೆ ಒಂದು ಲೀಟರ್ ಹಾಕಲೇಬೇಕು. ಆಕ್ಸಿಲರೇಟರ್ ತುಳಿದರೆ ನೀಲಿ ಹೊಗೆ. ಆಯಿಲ್ ಕ್ಯಾಪ್ ತೆಗೆದರೆ ಅಲ್ಲಿಂದಲೂ ಹೊಗೆ. ಬೆಳಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ, ಆದರೆ ದಮ್ಮಿಲ್ಲ. ಚೆನ್ನೈಯಿಂದ ಖಾಲಿ ಬರುವಾಗಲೂ ಮೊಗಿಲಿ ಘಾಟಿಯಲ್ಲಿ ಎರಡನೇ ಗೇರ್ ಕೇಳುತ್ತದೆ. ಒಬ್ಬ ಮೇಸ್ತ್ರಿ ಎಂಜಿನ್ ಇಳಿಸಿ ಪೂರ್ತಿ ಕೆಲಸ ಮಾಡಬೇಕು, 1,10,000 ರೂಪಾಯಿ ಎನ್ನುತ್ತಾರೆ. ಇನ್ನೊಬ್ಬರು ಇಳಿಸದೆಯೇ ರಿಂಗ್, ಬೇರಿಂಗ್ ಹಾಕಿ 35,000ಕ್ಕೆ ಮುಗಿಸುತ್ತೇನೆ ಎನ್ನುತ್ತಾರೆ. ಮೂರನೆಯವರು ಬೆಂಗಳೂರಿನ ಗುಜರಿಯಿಂದ ಹಳೆಯ ಎಂಜಿನ್ ತಂದು 70,000ಕ್ಕೆ ಕೂರಿಸುವ ಮಾತಾಡುತ್ತಾರೆ. ನಮ್ಮ ಭಾವ, ದಪ್ಪ ಆಯಿಲ್ ಹಾಕಿ ಓಡಿಸು, ಒಮ್ಮೆ ಬಿಚ್ಚಿದ ಡೀಸೆಲ್ ಎಂಜಿನ್ ಮತ್ತೆ ಮೊದಲಿನಂತಾಗುವುದಿಲ್ಲ ಎನ್ನುತ್ತಾರೆ. ಇನ್ನೂ 14 ಕಂತು ಬಾಕಿ ಇದೆ. ಮಾವಿನ ಕಾಲಕ್ಕೆ ಮೂರು ತಿಂಗಳು. ಯಾರ ಮಾತು ಕೇಳಲಿ?"

ಉತ್ತರ:

ಮೂವರು ಮೇಸ್ತ್ರಿಗಳು ಮೂರು ಲೆಕ್ಕ ಕೊಟ್ಟಿದ್ದಾರೆ. ಒಬ್ಬರಾದರೂ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿ ನೋಡಿದ ಸುದ್ದಿ ನಿಮ್ಮ ಪತ್ರದಲ್ಲಿಲ್ಲ. ಮೂವತ್ತು ವರ್ಷಗಳಿಂದ ಡೀಸೆಲ್ ಎಂಜಿನ್ ಬಿಚ್ಚಿ ಕಟ್ಟುತ್ತಿರುವ ನನಗೆ ಸಂಕಟವಾಗುವುದು ಇಲ್ಲೇ. ನಾಡಿ ಹಿಡಿಯದೆ ಆಪರೇಷನ್‌ಗೆ ದಿನ ಗೊತ್ತುಮಾಡಿದ ಹಾಗಾಯಿತು. ಕಂತು ದುಡಿಯುವ ಗಾಡಿಯೇ ಮೂಲೆಗೆ ನಿಂತರೆ ಕಂತು ಕಟ್ಟುವುದು ಯಾವುದರಿಂದ ಎಂಬ ನಿಮ್ಮ ಚಿಂತೆ ನನಗೆ ಗೊತ್ತು. ತಪ್ಪು ಕಡೆ ಒಂದು ಲಕ್ಷ ಸುರಿದರೆ ಒಂದು ಸುಗ್ಗಿಯ ದುಡಿಮೆ ಅದಕ್ಕೇ ಹೋಗುತ್ತದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಿಮ್ಮ ಪತ್ರದಲ್ಲಿ ನೀವು ಹಾಗೇ ದಾಟಿಹೋದ ಒಂದು ವಾಕ್ಯ ನನ್ನನ್ನು ಹಿಡಿದು ನಿಲ್ಲಿಸಿತು: ಬೆಳಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಒತ್ತಿದಾಗ ಅದರ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಪಿಸ್ಟನ್ ಸುತ್ತಲಿನ ರಿಂಗ್ ಮತ್ತು ಅದು ಉಜ್ಜಿಕೊಂಡು ಓಡಾಡುವ ಸಿಲಿಂಡರಿನ ಒಳಮೈ, ಅಂದರೆ ಬೋರ್, ನಿಜವಾಗಿ ಸವೆದುಹೋಗಿದ್ದರೆ ಒತ್ತಿದ ಗಾಳಿ ಕೆಳಗೆ ಸೋರಿಹೋಗುತ್ತದೆ, ಬಿಸಿ ಸಾಲುವುದಿಲ್ಲ, ಚಳಿಗಾಲದ ಬೆಳಗ್ಗೆ ಗಾಡಿ ನಾಲ್ಕಾರು ಸೆಲ್ಫ್ ತಿನ್ನುತ್ತದೆ. ಕೋಲಾರದ ಕಡೆಯ ಚಳಿಯಲ್ಲಿ ನಿಮ್ಮದು ಒಂದೇ ಸಲಕ್ಕೆ ಎದ್ದು ನಿಲ್ಲುತ್ತಿದೆ. ಅದೇ ವೇಳೆಗೆ ಖಾಲಿ ಗಾಡಿಗೂ ಘಾಟಿಯಲ್ಲಿ ದಮ್ಮಿಲ್ಲ. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನನ್ನ ಅನುಮಾನ ಮೊದಲು ಹೋಗುವುದು ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೋ ಕಡೆಗೆ, ಆಮೇಲೆ ರಿಂಗ್ ಕಡೆಗೆ.

ಇದು ಅನುಮಾನ ಮಾತ್ರ. ಬೋರ್ ಗೋಡೆಗೆ ಅಂಟಿದ ಆಯಿಲ್ ಸಂದು ಮುಚ್ಚಿ, ಸವೆದ ಎಂಜಿನ್ನೂ ಕೆಲವು ಕಾಲ ಚೆನ್ನಾಗಿ ಸ್ಟಾರ್ಟ್ ಆಗುವುದುಂಟು. ಹಾಗಾಗಿ ಅಳೆಯಲೇಬೇಕು.

ಅಳೆಯುವ ಮೊದಲು ನಮ್ಮ ಗ್ಯಾರೇಜುಗಳಲ್ಲಿ ಓಡಾಡುವ ಕೆಲವು ಮಾತುಗಳನ್ನು ಬದಿಗಿಡಬೇಕು. ಆಯಿಲ್ ಕ್ಯಾಪ್‌ನಲ್ಲಿ ಹೊಗೆ ಬಂದರೆ ಬ್ಯಾಕ್ ಕಂಪ್ರೆಷನ್ (ಒತ್ತಿದ ಗಾಳಿ ಕೆಳಗೆ ಸೋರುವುದು), ಬ್ಯಾಕ್ ಕಂಪ್ರೆಷನ್ ಎಂದರೆ ರಿಂಗ್ ಹೋಯಿತು ಎಂಬುದು ಮೊದಲನೆಯದು. ಓಡುವ ಯಾವ ಡೀಸೆಲ್ ಎಂಜಿನ್‌ನ ಕ್ಯಾಪ್ ತೆಗೆದರೂ ಒಂದಿಷ್ಟು ಆವಿ ಬರುತ್ತದೆ. ಕ್ಯಾಪನ್ನು ತಲೆಕೆಳಗು ಮಾಡಿ ಬಾಯಿಯ ಮೇಲೆ ಸುಮ್ಮನೆ ಇಟ್ಟು ನೋಡಿ. ಅಲ್ಲಾಡುತ್ತಾ ಕೂತಿದ್ದರೆ ಅಷ್ಟೇನೂ ಗಾಬರಿ ಬೇಡ. ಎಗರಿ ಬಿದ್ದರೆ ಒಳಗೆ ಒತ್ತಡ ಹೆಚ್ಚಿದೆ ಎಂದರ್ಥ. ಆ ಒತ್ತಡವೂ ರಿಂಗ್‌ನಿಂದಲೇ ಬರಬೇಕೆಂದಿಲ್ಲ. ಟರ್ಬೋ ಸೀಲ್ ಹೋದರೆ ಟರ್ಬೋ ಒತ್ತಿದ ಗಾಳಿ ಆಯಿಲ್ ವಾಪಸ್ ಬರುವ ಪೈಪಿನ ಮೂಲಕ ಎಂಜಿನ್ ಅಡಿಯ ಆಯಿಲ್ ಚೇಂಬರ್‌ಗೆ ನುಗ್ಗುತ್ತದೆ. ಎಂಜಿನ್ ಒಳಗಿನ ಆವಿಯನ್ನು ಹೊರಬಿಡುವ ಬ್ರೀದರ್ ಪೈಪ್ ಕಟ್ಟಿಕೊಂಡರೂ ಹೀಗೇ ಆಗುತ್ತದೆ. ಆಲ್ಟರ್ನೇಟರ್‌ನ ಹಿಂಬದಿಗೆ ಬ್ರೇಕಿನ ವ್ಯಾಕ್ಯೂಮ್ ಪಂಪ್ ಇರುವ ಎಂಜಿನ್‌ಗಳಲ್ಲಿ ಆ ಪಂಪ್ ಎಳೆದ ಗಾಳಿಯೂ ಆಯಿಲ್ ಜೊತೆ ಚೇಂಬರ್‌ಗೇ ಬರುತ್ತದೆ. ಬ್ರೇಕ್ ಬೂಸ್ಟರ್‌ನ ಹೋಸ್ ಎಲ್ಲೋ ಬಿರಿದಿದ್ದರೆ ಪಂಪ್ ದಿನವಿಡೀ ಹೊರಗಿನ ಗಾಳಿಯನ್ನು ಎಂಜಿನ್ ಹೊಟ್ಟೆಗೆ ತುಂಬುತ್ತಿರುತ್ತದೆ. ಇನ್ನೂರು ರೂಪಾಯಿಯ ಹೋಸ್ ಬದಲಿಸಿದ ಮೇಲೆ "ರಿಂಗ್ ಹೋದ" ಎಂಜಿನ್ ಶಾಂತವಾದುದನ್ನು ನಾನೇ ನೋಡಿದ್ದೇನೆ.

ದಪ್ಪ ಆಯಿಲ್ ಹಾಕಿದರೆ ಕುಡಿಯುವುದು ತುಸು ಕಡಿಮೆಯಾಗಬಹುದು, ನಿಮ್ಮ ಭಾವನವರು ಹೇಳುವುದರಲ್ಲಿ ಅಷ್ಟು ಸತ್ಯವಿದೆ. ಆದರೆ ದಪ್ಪ ಆಯಿಲ್ ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಟರ್ಬೋ ಮತ್ತು ಬೇರಿಂಗ್‌ಗಳನ್ನು ಮುಟ್ಟಲು ತಡಮಾಡುತ್ತದೆ. ನಿಮಿಷಕ್ಕೆ ಲಕ್ಷ ಸುತ್ತು ದಾಟಿ ತಿರುಗುವ ಟರ್ಬೋ ದಂಡಕ್ಕೆ ಆ ತಡವೇ ಗಂಡಾಂತರ. ಒಮ್ಮೆ ಬಿಚ್ಚಿದ ಎಂಜಿನ್ ಮತ್ತೆ ಮೊದಲಿನಂತಾಗುವುದಿಲ್ಲ ಎಂಬ ಮಾತಿಗೆ ಕಾರಣ ಬಿಚ್ಚಿದ ಕೈಗಳು. ಅಳತೆ ಹಿಡಿದು, ಚೊಕ್ಕಟವಾಗಿ ಕಟ್ಟಿದ ಎಂಜಿನ್ ಮತ್ತೆ ಲಕ್ಷಾಂತರ ಕಿಲೋಮೀಟರ್ ದುಡಿಯುತ್ತದೆ.

ಈಗ ಪರೀಕ್ಷೆಗೆ ಬರೋಣ. ಅರ್ಧ ದಿನದ ಕೆಲಸ, ಎಂಜಿನ್ ಬಿಚ್ಚುವ ಅಗತ್ಯವಿಲ್ಲ.

ಮೊದಲು ಏರ್ ಫಿಲ್ಟರ್‌ನಿಂದ ಟರ್ಬೋಗೆ ಹೋಗುವ ರಬ್ಬರ್ ಹೋಸನ್ನು ಕಳಚಿಸಿ, ಒಳಗೆ ನಿಮ್ಮದೇ ಬೆರಳಾಡಿಸಿ. ಬ್ರೀದರ್ ಅದಕ್ಕೇ ಬಂದು ಸೇರುವುದರಿಂದ ತೆಳುವಾದ ಆಯಿಲ್ ಪಸೆ ಇರುವುದು ಸಹಜ. ಬೆರಳಿಗೆ ಮಣ್ಣು ಮೆತ್ತಿದರೆ ಅದು ಸಹಜವಲ್ಲ. ಕೆಲವು ವರ್ಷಗಳ ಹಿಂದೆ ಜಲ್ಲಿ ಕ್ರಷರ್ ರಸ್ತೆಯಲ್ಲಿ ಓಡುವ ಪಿಕಪ್ ಒಂದು ನನ್ನಲ್ಲಿಗೆ ಬಂತು. ಬೇರೆಡೆ ಪೂರ್ತಿ ಎಂಜಿನ್ ಕೆಲಸ ಮಾಡಿಸಿ ಎಂಟು ತಿಂಗಳಾಗಿತ್ತು, ಮತ್ತೆ ಆಯಿಲ್ ಕುಡಿಯುತ್ತಿತ್ತು. ಹೋಸ್ ಕಳಚಿ ಬೆರಳಿಟ್ಟೆ. ರಾಗಿ ಹಿಟ್ಟಿನಂಥ ನುಣ್ಣನೆಯ ಧೂಳು ಆಯಿಲ್ ಜೊತೆ ಕಲಸಿಕೊಂಡು ಬೆರಳ ತುದಿಗೆ ಬಂತು. ಹೋಸಿನ ಕ್ಲಿಪ್ ಸಡಿಲ, ಅದರಡಿ ಕೂದಲೆಳೆಯಷ್ಟು ಬಿರುಕು. ಫಿಲ್ಟರ್ ಹೊಸದೇ ಇತ್ತು, ಗಾಳಿ ಮಾತ್ರ ಫಿಲ್ಟರ್ ದಾಟಿದ ಮೇಲೆ ಆ ಬಿರುಕಿನಿಂದ ನುಗ್ಗುತ್ತಿತ್ತು. ಹೊಸ ರಿಂಗ್, ಹೊಸ ಪಿಸ್ಟನ್, ಹೊಸ ಬೋರ್ ಎಲ್ಲವನ್ನೂ ಆ ಧೂಳು ಎಂಟೇ ತಿಂಗಳಲ್ಲಿ ಉಜ್ಜಿಹಾಕಿತ್ತು. ಆ ಮಾಲೀಕನ ಮುಖ ಇವತ್ತಿಗೂ ನೆನಪಿದೆ. ನಿಮ್ಮ ತೋಟದ ದಾರಿಯೂ ಕೆಂಧೂಳಿನದೇ. ನೀವು ಯಾವ ಕೆಲಸ ಮಾಡಿಸಿದರೂ, ಮೊದಲ ಸವೆತಕ್ಕೆ ಕಾರಣವೇನೆಂದು ಹುಡುಕದೆ ಮಾಡಿಸಬೇಡಿ.

ಹೋಸ್ ಕಳಚಿದಾಗಲೇ ಟರ್ಬೋ ಚಕ್ರವನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಅಕ್ಕಪಕ್ಕಕ್ಕೆ ಚೂರು ಆಟ ಇರುತ್ತದೆ, ಇರಬೇಕು. ಹಿಂದೆ ಮುಂದೆ ಎಳೆದಾಗ ಕೈಗೆ ಗೊತ್ತಾಗುವಷ್ಟು ಆಟವಿದ್ದರೆ, ಅಥವಾ ರೆಕ್ಕೆಗಳು ಗೂಡಿನ ಗೋಡೆಗೆ ಉಜ್ಜಿದ ಗುರುತಿದ್ದರೆ ಟರ್ಬೋ ಮುಗಿದಿದೆ. ಟರ್ಬೋಯಿಂದ ಎಂಜಿನ್‌ಗೆ ಹೋಗುವ ಪೈಪಿನಲ್ಲಿ ಆಯಿಲ್ ಮಡುಗಟ್ಟಿದ್ದರೂ ಅನುಮಾನ ಗಟ್ಟಿಯಾಗುತ್ತದೆ. ಅದೇ ಪೈಪಿನಲ್ಲಿ ಬಿರುಕಿದ್ದರೆ ನಿಮ್ಮ ದಮ್ಮು ಹೋದದ್ದಕ್ಕೆ ಕಾರಣ ಅಲ್ಲೇ ಸಿಗಬಹುದು.

ಆಮೇಲೆ ಕಂಪ್ರೆಷನ್. ಎಂಜಿನ್ ಬಿಸಿಯಾಗಿರಬೇಕು, ಬ್ಯಾಟರಿ ಗಟ್ಟಿಯಾಗಿರಬೇಕು, ಡೀಸೆಲ್ ಬರದಂತೆ ಮಾಡಿರಬೇಕು. ಹೀಟರ್ ಪ್ಲಗ್ ಅಥವಾ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ತೆಗೆದ ರಂಧ್ರದಲ್ಲಿ ಡೀಸೆಲ್‌ಗೆಂದೇ ಮಾಡಿದ ಗೇಜ್ ಹಾಕಿ ನಾಲ್ಕೂ ಸಿಲಿಂಡರ್ ನೋಡಬೇಕು. ಪೆಟ್ರೋಲ್ ಗಾಡಿಯ ಗೇಜ್ ಇಷ್ಟು ಒತ್ತಡ ತಾಳುವುದಿಲ್ಲ. ಆರೋಗ್ಯವಂತ ಡೀಸೆಲ್ ಎಂಜಿನ್‌ನಲ್ಲಿ 350ರಿಂದ 450 ಪಿಎಸ್‌ಐ ಒತ್ತಡ ಬರುವುದು ರೂಢಿ, ನಿಮ್ಮ ಎಂಜಿನ್‌ನ ಖಚಿತ ಮಿತಿ ಕಂಪನಿಯ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಅಂಕಿಗಿಂತಲೂ ನಾನು ಹೆಚ್ಚು ಗಮನಿಸುವುದು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸವನ್ನು. ನಾಲ್ಕೂ ಒಟ್ಟಿಗೆ ಕುಸಿದಿದ್ದರೆ ಅದು ವಯಸ್ಸಿನ ಸವೆತ. ಒಂದು ಮಾತ್ರ ಕುಸಿದಿದ್ದರೆ ಮುರಿದ ರಿಂಗ್ ಅಥವಾ ಸುಟ್ಟ ವಾಲ್ವ್. ಅಕ್ಕಪಕ್ಕದ ಎರಡು ಕುಸಿದಿದ್ದರೆ ಅವೆರಡರ ನಡುವೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್‌ಗಳ ಮುಚ್ಚಳದಂಥ ಹೆಡ್‌ನ ಅಡಿಯ ಪದರ) ಹೋಗಿರುವ ಸಂಭವ ಹೆಚ್ಚು.

ಕಡಿಮೆ ಬಂದ ಸಿಲಿಂಡರ್‌ಗೆ, ವಾಲ್ವ್‌ಗಳೆರಡೂ ಮುಚ್ಚಿರುವ ಸ್ಥಿತಿಯಲ್ಲಿ, ಹೊರಗಿನ ಕಂಪ್ರೆಸರ್‌ನಿಂದ ಗಾಳಿ ಬಿಟ್ಟು ಕಿವಿಗೊಟ್ಟು ಕೇಳಬೇಕು. ಆಯಿಲ್ ಕ್ಯಾಪ್ ಬಳಿ ಬುಸುಗುಟ್ಟಿದರೆ ರಿಂಗ್. ಗಾಳಿ ಒಳಬರುವ ಪೈಪಿನಲ್ಲಿ ಅಥವಾ ಸೈಲೆನ್ಸರ್‌ನಲ್ಲಿ ಕೇಳಿದರೆ ಆಯಾ ವಾಲ್ವ್. ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಅಥವಾ ಬಿರುಕುಬಿಟ್ಟ ಹೆಡ್. ಇಷ್ಟು ಸ್ಪಷ್ಟವಾಗಿ ಮಾತಾಡುವ ಪರೀಕ್ಷೆಯನ್ನು ನಮ್ಮಲ್ಲಿ ಯಾಕೆ ಇಷ್ಟು ವಿರಳವಾಗಿ ಮಾಡುತ್ತಾರೋ ನನಗೆ ತಿಳಿಯದು.

ಇನ್ನೆರಡು ಸಣ್ಣ ಕೆಲಸ. ಇಂಜೆಕ್ಟರ್‌ಗಳ ರಿಟರ್ನ್ ಡೀಸೆಲ್ಲನ್ನು ನಾಲ್ಕು ಬಾಟಲಿಗಳಿಗೆ ಬಿಟ್ಟು ಅಳೆಸಿ; ಒಂದು ಬಾಟಲಿ ಮಾತ್ರ ಬೇಗ ತುಂಬಿದರೆ ಆ ಇಂಜೆಕ್ಟರ್ ಸವೆದಿದೆ. ತೊಟ್ಟಿಕ್ಕುವ ಇಂಜೆಕ್ಟರ್ ಬೋರ್ ಗೋಡೆಯ ಆಯಿಲ್ ತೊಳೆದು ರಿಂಗನ್ನೂ ತಿನ್ನುತ್ತದೆ. ಹಳೆಯ ಆಯಿಲ್ ಫಿಲ್ಟರ್ ಕತ್ತರಿಸಿ ಒಳಗಿನ ಕಾಗದ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ತಾಮ್ರದ ಬಣ್ಣದ ಮಿಣುಕು ಕಂಡರೆ ಬೇರಿಂಗ್‌ನ ಮೇಲ್ಪದರ ಸವೆದಿದೆ. ಆಗ ಮಾತ್ರ ಗಾಡಿಯನ್ನು ಅಲ್ಲಿಯೇ ನಿಲ್ಲಿಸಿ, ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ದಂಡ ಕೆಡುವ ಮುನ್ನ.

ಪರೀಕ್ಷೆ ಮುಗಿಯುವವರೆಗೆ ದಯವಿಟ್ಟು ಘಾಟಿಗೆ ಹೋಗಬೇಡಿ. ಟರ್ಬೋ ಸೀಲ್ ಪೂರ್ತಿ ಹರಿದರೆ ಎಂಜಿನ್ ತನ್ನ ಆಯಿಲ್ಲನ್ನೇ ಡೀಸೆಲ್‌ನಂತೆ ಉರಿಸಿಕೊಂಡು ಹುಚ್ಚೆದ್ದು ಓಡಬಹುದು. ಕೀ ತೆಗೆದರೂ ನಿಲ್ಲುವುದಿಲ್ಲ, ಏಕೆಂದರೆ ಉರಿಯುತ್ತಿರುವುದು ಟ್ಯಾಂಕಿನ ಡೀಸೆಲ್ ಅಲ್ಲ. ಹಾಗಾದರೆ ಬ್ರೇಕನ್ನು ಗಟ್ಟಿಯಾಗಿ ತುಳಿದು, ಟಾಪ್ ಗೇರ್ ಹಾಕಿ, ಕ್ಲಚ್ ಬಿಟ್ಟು ಎಂಜಿನ್ನನ್ನು ಉಸಿರುಕಟ್ಟಿಸಿ ನಿಲ್ಲಿಸಬೇಕು. ಆಗದಿದ್ದರೆ ಇಳಿದು ದೂರ ಹೋಗಿ. ಗಾಳಿಯ ಬಾಯಿಗೆ ಕೈ ಅಡ್ಡ ಇಡುವ ಸಾಹಸ ಬೇಡವೇ ಬೇಡ.

ಇನ್ನು ಆಯ್ಕೆಗಳು. ಕಂಪ್ರೆಷನ್ ನಾಲ್ಕರಲ್ಲೂ ಸರಿ ಬಂದು ತಪ್ಪಿತಸ್ಥ ಟರ್ಬೋ ಎಂದಾದರೆ ಅದನ್ನೇ ಸರಿಮಾಡಿಸಿ, ಪೈಪುಗಳಲ್ಲಿ ನಿಂತ ಆಯಿಲ್ ತೊಳೆಸಿ, ಟರ್ಬೋಗೆ ಆಯಿಲ್ ತರುವ ಮತ್ತು ವಾಪಸ್ ಒಯ್ಯುವ ಪೈಪ್ ಕಟ್ಟಿಕೊಂಡಿಲ್ಲವೆಂದು ನೋಡಿಸಿ, ನಿಮ್ಮ ಸುಗ್ಗಿಗೆ ಹೊರಡಿ. ಎಂಜಿನ್ ಮುಟ್ಟಬೇಡಿ.

ರಿಂಗ್ ಎಂದೇ ತೀರ್ಮಾನವಾದರೆ 35,000ದ ಮಾತು ಕಿವಿಗೆ ಇಂಪಾಗಿರುತ್ತದೆ. ಅದು ಸರಿಹೋಗುವ ಸಂದರ್ಭ ಒಂದಿದೆ: ಬೋರ್ ಅಳತೆ ಮಿತಿಯೊಳಗಿದ್ದು, ರಿಂಗ್ ಮಾತ್ರ ಮಸಿಗೆ ಅಂಟಿಕೊಂಡಿದ್ದರೆ ಅಥವಾ ಮುರಿದಿದ್ದರೆ. ಹೆಡ್ ಬಿಚ್ಚಿದ ದಿನ ನೀವು ಅಲ್ಲಿರಿ. ಬೋರ್ ಗೋಡೆಯ ಮೇಲ್ತುದಿಯಲ್ಲಿ, ರಿಂಗ್ ತಲುಪುವ ಕೊನೆಯ ಗೆರೆಯಲ್ಲಿ, ಉಗುರಿನಿಂದ ಮೇಲಕ್ಕೆ ಗೀರಿ ನೋಡಿ. ಉಗುರು ತಡೆದು ನಿಂತರೆ ಅಲ್ಲಿ ಮೆಟ್ಟಿಲು ಬಿದ್ದಿದೆ. ಆ ಬೋರ್‌ಗೆ ಹೊಸ ರಿಂಗ್ ಹಾಕಿದರೆ ಅದು ಮೆಟ್ಟಿಲಿಗೆ ಬಡಿದು ಮುರಿಯುತ್ತದೆ. ಗೋಡೆ ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದನ್ನೂ ಒಳ್ಳೆಯದೆಂದು ತಿಳಿಯಬೇಡಿ. ಆಯಿಲ್ ಹಿಡಿದಿಡುವ ಕತ್ತರಿಗೆರೆಗಳು ಅಳಿಸಿವೆ ಎಂದರ್ಥ. ಎಂಜಿನ್ ಗಾಡಿಯಲ್ಲೇ ಇರುವಾಗ ಆ ಗೆರೆಗಳನ್ನು ಮತ್ತೆ ಮೂಡಿಸಲು ಕಲ್ಲಿನಿಂದ ಉಜ್ಜುವ ಹೋನಿಂಗ್ ಮಾಡಿದರೆ ಅದರ ಕಲ್ಲುಪುಡಿ ಕೆಳಗಿನ ಕ್ರ್ಯಾಂಕ್ ಮೇಲೆ ಬೀಳುತ್ತದೆ, ಪೂರ್ತಿ ತೊಳೆಯಲು ದಾರಿಯಿಲ್ಲ. ಹಾಕಿದ ಹೊಸ ಬೇರಿಂಗ್‌ಗೆ ಅದೇ ಯಮ.

ಬೋರ್ ಮಿತಿ ಮೀರಿದ್ದರೆ ಎಂಜಿನ್ ಇಳಿಸಿ ಪೂರ್ತಿ ಮಾಡಿಸುವುದೇ ಸರಿ. ನಾನಾದರೂ ಅದನ್ನೇ ಮಾಡುತ್ತೇನೆ. ದುಡ್ಡು ಹಾಳಾಗುವುದು ಮಾತ್ರ ಸಣ್ಣಪುಟ್ಟ ಅಜಾಗರೂಕತೆಗಳಲ್ಲಿ. ಮೊದಲು ಓವರ್‌ಸೈಜ್, ಅಂದರೆ ತುಸು ದೊಡ್ಡ ಅಳತೆಯ, ಪಿಸ್ಟನ್ ಕೊಂಡು ತಂದು, ಅದನ್ನು ಅಳೆದು, ಆಮೇಲೆ ಅದಕ್ಕೆ ತಕ್ಕಂತೆ ಸಿಲಿಂಡರ್ ಕೊರೆಸಿ ಬೋರ್ ಮಾಡಿಸಬೇಕು. ಬೋರ್ ಮಾಡಿಸಿ ಪಿಸ್ಟನ್ ಹುಡುಕಲು ಹೊರಡಬಾರದು. ನಿಮ್ಮ ಬ್ಲಾಕ್‌ಗೆ ಬೋರಿಂಗ್ ಬದಲು ಲೈನರ್ (ಸಿಲಿಂಡರಿನೊಳಗೆ ಕೂರಿಸುವ ಹೊಸ ಕೊಳವೆ) ಹಾಕಬೇಕೇ ಎಂಬುದನ್ನು ಲೇತ್‌ನವರು ಅಳತೆ ನೋಡಿ ಹೇಳುತ್ತಾರೆ. ಕ್ರ್ಯಾಂಕ್ ಗ್ರೈಂಡ್ ಮಾಡುವಾಗ ಬೇರಿಂಗ್ ಕೂರುವ ಭಾಗವಾದ ಜರ್ನಲ್‌ನ ಮೂಲೆಯಲ್ಲಿ ಕಂಪನಿ ಬಿಟ್ಟಿರುವ ದುಂಡು ಹಾಗೆಯೇ ಉಳಿಯಬೇಕು. ಚೂಪಾದ ಮೂಲೆ ಮಾಡಿಟ್ಟರೆ ಬಿರುಕು ಹುಟ್ಟುವುದು ಅಲ್ಲಿಂದಲೇ, ತುಂಬಿದ ಗಾಡಿಯಲ್ಲಿ ಒಂದು ದಿನ ಕ್ರ್ಯಾಂಕ್ ಎರಡು ತುಂಡಾಗುತ್ತದೆ. ಹೆಡ್ಡನ್ನು ನೀರಿನಲ್ಲಿ ಒತ್ತಡ ಕೊಟ್ಟು ಬಿರುಕು ಪರೀಕ್ಷಿಸಿದ ಮೇಲೆಯೇ ಅದರ ಮೈ ಸಮ ಮಾಡುವ ಫೇಸಿಂಗ್‌ಗೆ ಖರ್ಚು ಮಾಡಿ. ಅನೇಕ ಡೀಸೆಲ್ ಎಂಜಿನ್‌ಗಳ ಹೆಡ್ ಗ್ಯಾಸ್ಕೆಟ್ ಹಲವು ದಪ್ಪಗಳಲ್ಲಿ ಬರುತ್ತದೆ, ಅಂಚಿನ ಕಚ್ಚು ಅಥವಾ ರಂಧ್ರಗಳೇ ಅದರ ಗುರುತು. ಪಿಸ್ಟನ್ ಬ್ಲಾಕ್‌ನಿಂದ ಎಷ್ಟು ಮೇಲೆ ಬರುತ್ತದೆ ಎಂದು ಡಯಲ್ ಗೇಜ್‌ನಲ್ಲಿ ಅಳೆದು ಆರಿಸಬೇಕು, ಅಂಗಡಿಯಲ್ಲಿ ಸಿಕ್ಕಿದ್ದನ್ನು ಹಾಕಬಾರದು.

ಕಟ್ಟುವ ಹಿಂದಿನ ದಿನ ಒಂದು ಬಿಳಿ ಬಟ್ಟೆ ತೆಗೆದುಕೊಂಡು ಹೋಗಿ. ಬಿಸಿನೀರು, ಸೋಪು, ಬ್ರಷ್‌ನಿಂದ ತೊಳೆದು ಒಣಗಿಸಿದ ಬೋರ್ ಒಳಗೆ ಆಯಿಲ್ ಸವರಿ ಆ ಬಟ್ಟೆಯಿಂದ ಒರೆಸಿ. ಬೂದು ಬಣ್ಣ ಬಂದರೆ ಇನ್ನೊಮ್ಮೆ ತೊಳೆಯಬೇಕು. ಬಟ್ಟೆ ಬೆಳ್ಳಗೆ ಬರುವವರೆಗೆ. ಮೇಸ್ತ್ರಿ ಬೇಸರಪಟ್ಟುಕೊಂಡರೂ ಚಿಂತೆಯಿಲ್ಲ. ಎಂಜಿನ್ ಇಳಿದಾಗಲೇ ಆಯಿಲ್ ಪಂಪ್, ವಾಟರ್ ಪಂಪ್, ಕ್ಲಚ್ ಪ್ಲೇಟ್ ನೋಡಿಸಿ. ಕೂಲೆಂಟ್ ಬದಲು ಬರೀ ನೀರು ಹಾಕುವುದು, ಬಿಸಿ ಆಗುತ್ತದೆಂದು ಥರ್ಮೋಸ್ಟಾಟ್ ಕಿತ್ತು ಎಸೆಯುವುದು ನಮ್ಮ ಕಡೆಯ ಹಳೆಯ ಅಭ್ಯಾಸ. ತಣ್ಣಗೇ ಓಡುವ ಎಂಜಿನ್ ಬೇಗ ಸವೆಯುತ್ತದೆ. ಕೂಲೆಂಟ್, ಥರ್ಮೋಸ್ಟಾಟ್ ಎರಡನ್ನೂ ಹೊಸದಾಗಿ ಹಾಕಿಸಿ.

ಗುಜರಿ ಎಂಜಿನ್ ಬಗ್ಗೆ ನನಗೆ ಒಲವಿಲ್ಲ. ಒಳಗೇನಿದೆ ಎಂದು ಗೊತ್ತಿಲ್ಲದ ನಿಮ್ಮ ಎಂಜಿನ್ ಕೊಟ್ಟು, ಒಳಗೇನಿದೆ ಎಂದು ಗೊತ್ತಿಲ್ಲದ ಇನ್ನೊಂದನ್ನು ತರುವ ವ್ಯವಹಾರ ಅದು. ಬ್ಲಾಕ್ ಒಡೆದಿದ್ದರೆ ಮಾತ್ರ ಯೋಚಿಸಿ. ಆಗಲೂ ಕಂಪ್ರೆಷನ್ ನೋಡದೆ, ಬಿಲ್ ಮತ್ತು ಹಳೆಯ ಗಾಡಿಯ ದಾಖಲೆ ಇಲ್ಲದೆ ಮುಟ್ಟಬೇಡಿ. ಎಂಜಿನ್ ನಂಬರ್ ಬದಲಾದರೆ ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಗೆ ದಾಖಲಿಸಬೇಕು, ಇನ್ಶೂರೆನ್ಸ್‌ನವರಿಗೆ ತಿಳಿಸಬೇಕು, ಕಂತು ಬಾಕಿ ಇರುವುದರಿಂದ ಸಾಲ ಕೊಟ್ಟವರ ಒಪ್ಪಿಗೆಯೂ ಬೇಕು. ಇದ್ಯಾವುದೂ 70,000ದ ಲೆಕ್ಕದಲ್ಲಿಲ್ಲ.

ಮಾರಿಬಿಡುವುದೂ ಒಂದು ದಾರಿ, ಆದರೆ ನೀಲಿ ಹೊಗೆ ಬಿಡುವ ಗಾಡಿಗೆ ಬರುವ ಬೆಲೆ ಬಾಕಿ ಸಾಲವನ್ನು ಮುಚ್ಚುತ್ತದೆಯೇ ಎಂದು ಮೊದಲು ಕೂಡಿಸಿ ನೋಡಿ.

ಪೂರ್ತಿ ಕೆಲಸವೇ ಆಗುವುದಾದರೆ ಈ ತಿಂಗಳೇ ಮಾಡಿಸಿ. ಹೊಸದಾಗಿ ಕಟ್ಟಿದ ಎಂಜಿನ್ನನ್ನು ರಾತ್ರಿಯಿಡೀ ಐಡ್ಲಿಂಗ್‌ನಲ್ಲಿ ಬಿಡುವ ಪದ್ಧತಿ ಕೆಲವರಲ್ಲಿದೆ, ಅದಕ್ಕೆ ಒಪ್ಪಬೇಡಿ. ಭಾರವಿಲ್ಲದೆ ಓಡಿದರೆ ರಿಂಗ್ ಗೋಡೆಗೆ ಕೂರುವುದಿಲ್ಲ, ಬೋರ್ ನುಣುಪಾಗಿ ಮತ್ತೆ ಆಯಿಲ್ ಕುಡಿಯುತ್ತದೆ. ಬಿಸಿಯಾದ ಮೇಲೆ ಅರ್ಧ ಲೋಡ್ ಹಾಕಿ, ವೇಗ ಏರಿಸುತ್ತಾ ಇಳಿಸುತ್ತಾ ಶ್ರೀನಿವಾಸಪುರದಿಂದ ಕೋಲಾರದ ನಡುವೆ ಓಡಾಡಿ. ಸಾವಿರ ಕಿ.ಮೀ.ಗೆ ಆಯಿಲ್, ಫಿಲ್ಟರ್ ಬದಲಿಸಿ. ಪೂರ್ತಿ ಲೋಡಿನ ಚೆನ್ನೈ ಬಾಡಿಗೆಯನ್ನು ಅದಾದ ಮೇಲೆ ಒಪ್ಪಿಕೊಳ್ಳಿ.

ಅದೆಲ್ಲ ಮುಂದಿನ ಮಾತು. ಈ ವಾರ ಹೋಸಿನೊಳಗೆ ಬೆರಳಿಟ್ಟು ನೋಡಿ, ಟರ್ಬೋ ಅಲ್ಲಾಡಿಸಿ ನೋಡಿ, ನಾಲ್ಕು ಸಿಲಿಂಡರ್‌ಗಳ ಕಂಪ್ರೆಷನ್ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ನನಗೆ ಕಳುಹಿಸಿ. ಅಲ್ಲಿಯವರೆಗೆ ಯಾವ ಮೇಸ್ತ್ರಿಗೂ ಅಡ್ವಾನ್ಸ್ ಕೊಡಬೇಡಿ.